ಅಂತರಿಕ್ಷ ಪ್ರವಾಸವೂ ಹಾರುವ ತಟ್ಟೆಗಳೂ
(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಪಂಪ ರನ್ನರನ್ನು ಕುರಿತು ಮಾತನಾಡಬೇಕಾದ ಕನ್ನಡ ಪಂಡಿತರು ಆಕಾಶಕ್ಕೇಕೆ ಏರಿದರೆಂದು ತಾವು ಆಶ್ಚರ್ಯಪಡಬಹುದು. ಕಾರಣವನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯ ಬಾಲಕನೊಬ್ಬನು, ಸಂಜೆ ಹೊಲದಿಂದ ಮರಳುವಾಗ ದೀಪಗಳ ಸಾಲೊಂದು ಸದ್ದಿಲ್ಲದೆ ಬಾನಿನಲ್ಲಿ ಸಾಗಿದುದನ್ನು ಕಂಡೆನೆಂದು ಪ್ರಬಂಧದಲ್ಲಿ ಬರೆದಿದ್ದನು. "ಕಂಡದ್ದನ್ನು ಬರೆಯೆಂದರೆ ಕಟ್ಟುಕಥೆ ಬರೆದಿರುವೆ" ಎಂದು ನಾವು ಗದರಿಸಿ ಕೆಂಪು ಮಸಿಯ ಗೀಟೆಳೆದೆವು. ಅವನು ಕಂಡದ್ದು ಸತ್ಯವೆಂದೂ, ಅದು ಹೊಸದಾಗಿ ಹಾರಿಬಿಟ್ಟ ಸ್ಟಾರ್‌ಲಿಂಕ್ ಉಪಗ್ರಹಗಳ ಸಾಲೆಂದೂ ನಮಗೆ ತಿಳಿದದ್ದು ಆಮೇಲೆ. ಇಂದಿನ ನಮ್ಮ ಮಾತು ಆ ತಪ್ಪಿಗೊಂದು ಪ್ರಾಯಶ್ಚಿತ್ತ.

'ಹಾರುವ ತಟ್ಟೆ' ಎಂಬ ಮಾತು ಹುಟ್ಟಿದ ಬಗೆ ಅಲಂಕಾರಶಾಸ್ತ್ರ ಓದಿದವರಿಗೆ ಸ್ವಾರಸ್ಯವಾದುದು. 1947ನೆಯ ಜೂನ್ 24ರಂದು ಅಮೆರಿಕದ ರೇನಿಯರ್ ಪರ್ವತದ ಬಳಿ ಕೆನೆತ್ ಆರ್ನಾಲ್ಡ್ ಎಂಬ ವಿಮಾನಚಾಲಕನು ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡನು. ನೀರಿನ ಮೇಲೆ ಬೀಸಿ ಎಸೆದ ತಟ್ಟೆ ಪುಟಿಯುವಂತೆ ಅವು ಸಾಗಿದವೆಂದು ಅವನು ಹೇಳಿದನು. ಉಪಮೆಯ ಸಾಧಾರಣಧರ್ಮ ಚಲನೆ. ಪತ್ರಿಕೆಗಳಾದರೋ ಅದನ್ನು ಆಕಾರಕ್ಕೆ ಹಚ್ಚಿದವು. ಅಂದಿನಿಂದ ಜನರಿಗೆ ಬಾನಿನಲ್ಲಿ ತಟ್ಟೆಗಳೇ ಕಾಣತೊಡಗಿದವು! ಅಮೆರಿಕದ ವಾಯುಪಡೆಯು 1952ರಿಂದ 1969ರವರೆಗೆ 'ಬ್ಲೂ ಬುಕ್' ಯೋಜನೆಯನ್ನು ನಡೆಸಿತು. ಅದು ಅಂತಹ 12,618 ವರದಿಗಳನ್ನು ಕಲೆಹಾಕಿತು. ಅವುಗಳಲ್ಲಿ ಗುರುತು ಸಿಗದೆ ಉಳಿದವು 701 ಮಾತ್ರ.

ಈಗ ಬಾನಿನಲ್ಲಿ ಸಂಚಾರ ಹೆಚ್ಚಿದೆ. 2001ರಲ್ಲಿ ಡೆನಿಸ್ ಟಿಟೋ ಎಂಬ ಧನಿಕನು ಸ್ವಂತ ಹಣ ತೆತ್ತು ರಷ್ಯದ ಸೋಯುಜ್ ನೌಕೆಯಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋಗಿಬಂದನು. 2021ರ ಜುಲೈ ತಿಂಗಳೊಂದರಲ್ಲಿಯೇ ರಿಚರ್ಡ್ ಬ್ರಾನ್‌ಸನ್ ಮತ್ತು ಜೆಫ್ ಬೆಜೋಸ್ ಇಬ್ಬರೂ ತಂತಮ್ಮ ಸಂಸ್ಥೆಗಳ ನೌಕೆಗಳಲ್ಲಿ ಮೇಲೇರಿದರು. 2024ನೆಯ ಮೇ 19ರಂದು ಆಂಧ್ರದಲ್ಲಿ ಜನಿಸಿದ ಗೋಪೀಚಂದ್ ತೋಟಕೂರ ಅವರೂ ಅಂತಹ ಯಾನ ಕೈಗೊಂಡರು. ಪ್ರವಾಸಿಗಳೂ ಉಪಗ್ರಹಗಳೂ ಹೆಚ್ಚಿದಷ್ಟೂ ನೆಲದಲ್ಲಿ ನಿಂತವರು ಬೆರಗಾಗುವ ಸಂದರ್ಭಗಳೂ ಹೆಚ್ಚುವುವು.

ಏಕೆಂದರೆ, ಸೂರ್ಯನು ಮುಳುಗಿ ನಮ್ಮ ಅಂಗಳದಲ್ಲಿ ಕತ್ತಲೆ ಕವಿದಾಗಲೂ ನೂರಾರು ಕಿಲೋಮೀಟರು ಎತ್ತರದಲ್ಲಿ ಬಿಸಿಲಿರುತ್ತದೆ. ರಾಕೆಟ್ಟು ಉಗುಳಿದ ಅನಿಲ ಆ ಬಿಸಿಲಿಗೆ ಬೆಳಗಿ ಬೃಹದಾಕಾರ ತಾಳುತ್ತದೆ. 2017ನೆಯ ಡಿಸೆಂಬರ್ 22ರ ಸಂಜೆ ಕ್ಯಾಲಿಫೋರ್ನಿಯದ ಜನರು ಇಂತಹ ದೃಶ್ಯವನ್ನು ಕಂಡು ಅನ್ಯಲೋಕದವರು ಬಂದರೆಂದು ದಿಗಿಲುಗೊಂಡರು. ಹಾರಿದ್ದು ಫಾಲ್ಕನ್ ರಾಕೆಟ್ಟು. ನಮ್ಮದೇ ಮಹಾರಾಷ್ಟ್ರದಲ್ಲಿ 2022ನೆಯ ಏಪ್ರಿಲ್ 2ರ ರಾತ್ರಿ ಬೆಂಕಿಯ ಗೆರೆಗಳು ಬಾನನ್ನು ದಾಟಿದವು. ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಲೋಹದ ದೊಡ್ಡ ಬಳೆಯೇ ಬಿದ್ದಿತು. ಅವು ಚೀನಾದ ರಾಕೆಟ್ಟೊಂದರ ಅವಶೇಷಗಳೆಂದು ತಜ್ಞರು ಗುರುತಿಸಿದರು.

ಮೇಲೇರಿದವರಿಗಾದರೂ ಭ್ರಾಂತಿ ತಪ್ಪಿದ್ದಲ್ಲ. 1962ನೆಯ ಫೆಬ್ರವರಿ 20ರಂದು ಭೂಪ್ರದಕ್ಷಿಣೆ ಮಾಡಿದ ಜಾನ್ ಗ್ಲೆನ್ ತಮ್ಮ ನೌಕೆಯ ಸುತ್ತ ಮಿಂಚುಹುಳುಗಳಂತಹ ಅಸಂಖ್ಯ ಕಣಗಳನ್ನು ಕಂಡರು. ಅವರು ನುರಿತ ವೈಮಾನಿಕರು; ಆದರೂ ಅವು ಏನೆಂದು ತಿಳಿಯದೆ, ಕಂಡಷ್ಟನ್ನೇ ಹೇಳಿದರು. ಅದೇ ಮೇ ತಿಂಗಳಲ್ಲಿ ಮೇಲೇರಿದ ಸ್ಕಾಟ್ ಕಾರ್ಪೆಂಟರ್ ನೌಕೆಯ ಗೋಡೆಯನ್ನು ಕೈಯಿಂದ ತಟ್ಟಿದರು. ಒಡನೆ ಕಣಗಳು ಎದ್ದು ಹಾರಿದವು! ನೌಕೆಯ ಹೊರಮೈಗೆ ಕಟ್ಟಿದ ಹಿಮದ ಹುಡಿಯೇ ಆ ಮಿಂಚುಹುಳು. ಗ್ಲೆನ್ ಸುಳ್ಳಾಡಲಿಲ್ಲ, ಕಾರ್ಪೆಂಟರ್ ಅವರನ್ನು ಹಳಿಯಲಿಲ್ಲ. ಒಬ್ಬರು ಕಂಡುದನ್ನು ಹೇಳಿದರು, ಇನ್ನೊಬ್ಬರು ತಟ್ಟಿ ನೋಡಿದರು. ವಿದ್ಯೆಯೆಂಬುದು ಇಷ್ಟೇ.

ಅಮೆರಿಕದ ನಾಸಾ ಸಂಸ್ಥೆಯು ನೇಮಿಸಿದ ತಜ್ಞರ ಮಂಡಳಿಯು 2023ರಲ್ಲಿ ಹೇಳಿದುದೂ ಇದನ್ನೇ: ಇಂತಹ ನೋಟಗಳು ಅನ್ಯಲೋಕದವೆಂಬುದಕ್ಕೆ ಆಧಾರ ದೊರೆತಿಲ್ಲ, ದೊರೆತ ವಿವರಗಳು ಸಾಲವು, ಚೆನ್ನಾದ ವಿವರಗಳು ಬೇಕು. ಗುರುತು ಸಿಗದ್ದೆಲ್ಲ ಅನ್ಯಲೋಕದ್ದಲ್ಲ. ನಮಗೆ ಗುರುತು ಸಿಗಲಿಲ್ಲವೆಂದು ಕಂಡವನು ಸುಳ್ಳನೂ ಅಲ್ಲ.

ಮಕ್ಕಳೇ, ಬಾನಿನಲ್ಲಿ ಅಪರೂಪದ್ದು ಕಂಡರೆ ಓಡಬೇಡಿರಿ; ಹೆದರಿ ಸುಮ್ಮನಿರಲೂ ಬೇಡಿರಿ. ಹೊತ್ತೆಷ್ಟು, ಮೂಡಣದಿಂದ ಬಂದಿತೋ ಪಡುವಣದಿಂದಲೋ, ಚಾಚಿದ ಕೈಯ ಗೇಣಿನಲ್ಲಿ ಅಳೆದರೆ ದಿಗಂತದಿಂದ ಎಷ್ಟು ಗೇಣು ಮೇಲಿತ್ತು, ಮಿನುಗಿತೋ ನಿಶ್ಚಲವಾಗಿ ಬೆಳಗಿತೋ ಎಂಬುದನ್ನು ಬರೆದಿಡಿರಿ. ಹೊತ್ತು ಮಾರು ಏರಿತೆಂದು ಹೇಳುತ್ತಿದ್ದ ನಮ್ಮ ಒಕ್ಕಲಿಗ ಹಿರಿಯರ ನುಡಿಯಲ್ಲಿ ಇದಕ್ಕೆ ಬೇಕಾದ ಮಾತುಗಳೆಲ್ಲ ಇವೆ. ಗಡಿಯಲ್ಲಿ ಕನ್ನಡ ಉಳಿಯಬೇಕೆಂದು ಪ್ರತಿ ಉತ್ಸವದಲ್ಲಿಯೂ ಹೇಳುತ್ತೇವೆ. ಮಗು ತಾನು ಕಂಡುದನ್ನು ಕನ್ನಡದಲ್ಲಿ ಹೇಳಿದಾಗ ಕೇಳುವ ಕಿವಿಯೇ ಇಲ್ಲವಾದರೆ ಆ ಕನ್ನಡ ಉಳಿದು ಫಲವೇನು?

ಆ ಬಾಲಕನ ಪ್ರಬಂಧದ ಮೇಲಿನ ಕೆಂಪು ಗೀಟನ್ನು ನಾವು ಇನ್ನು ಅಳಿಸಲಾರೆವು. ಮುಂದೆ ಯಾವ ಮಗುವಿನ ನೋಟಕ್ಕೂ ಹಾಗೆ ಗೀಟೆಳೆಯುವುದಿಲ್ಲವೆಂದು ತಮ್ಮೆಲ್ಲರ ಸಮಕ್ಷಮದಲ್ಲಿ ಮಾತು ಕೊಡುತ್ತೇವೆ.