ಹೊಸ್ತಿಲಲ್ಲಿ ನಿಂತು ‘ನಾಳೆ ಬಾ’ ಅನ್ನೋದು

ಇವತ್ತು ವಿಧಾನಸೌಧದ ಬಾಗಿಲು ಬಿಟ್ಟುಬಿಡಿ. ನಮ್ಮ ಮನೆ ಬಾಗಿಲ ಬಗ್ಗೆ ಮಾತಾಡೋಣ.

ನಮ್ಮ ಕಾರ್ಕಳದ ಕಡೆ ಹಳ್ಳಿಮನೆಗಳು ಹೇಗಿರ್ತವೆ ಅಂತ ನೋಡಿದವರಿಗೆ ಗೊತ್ತು. ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಕೇರಿಗಳು ಕಡಿಮೆ. ಮಿಯ್ಯಾರು, ಬೈಲೂರು, ಬಜಗೋಳಿ, ಎಲ್ಲಿಗೇ ಹೋಗಿ, ಒಂದು ತೋಟ, ಅದರೊಳಗೆ ಒಂದು ಮನೆ. ಪಕ್ಕದ ಮನೆ ಅಂದರೆ ಗದ್ದೆಯ ಆಚೆ ಬದಿ. ಕೂಗಿದರೆ ಕೇಳಿಸಬಹುದು, ಕೇಳಿಸದೇ ಇರಬಹುದು. ಮಗ ಮುಂಬೈಯಲ್ಲೋ ದುಬೈಯಲ್ಲೋ ಇದ್ದಾನೆ, ಮಗಳು ಬೆಂಗಳೂರಿನಲ್ಲಿ. ಮನೆಯಲ್ಲಿ ಎಪ್ಪತ್ತು ದಾಟಿದ ಅಮ್ಮ ಒಬ್ಬರೇ. ಮಧ್ಯಾಹ್ನ ಎರಡೂವರೆಗೆ ಗೇಟು ಸದ್ದಾಗ್ತದೆ. ನಾಯಿ ಬೊಗಳ್ತದೆ. “ಅಮ್ಮಾ, ಕುಡಿಯಲಿಕ್ಕೆ ಸ್ವಲ್ಪ ನೀರು ಕೊಡ್ತೀರಾ?”

ಆ ಅಮ್ಮ ಏನು ಮಾಡಬೇಕು?

“ಯಾರು ಬಂದರೂ ಬಾಗಿಲು ತೆಗೀಬೇಡಿ ಅಮ್ಮಾ” ಅಂತ ಫೋನಲ್ಲಿ ಹೇಳೋದು ನಮಗೆಲ್ಲ ಸುಲಭ. ಆದರೆ ಆ ಅಮ್ಮ ಬೆಳೆದದ್ದು ಬಂದವರ ಕೈಗೆ ಮೊದಲು ಬೆಲ್ಲ ನೀರು ಕೊಟ್ಟು, ಆಮೇಲೆ ಬಂದ ವಿಷಯ ಕೇಳುವ ಮನೆಯಲ್ಲಿ. ಕರೆಯದೇ ಬರುವವರು ಆಗಲೂ ಇದ್ದರು. ಆಟಿ ತಿಂಗಳ ಮಳೆಯಲ್ಲಿ ಆಟಿ ಕಳೆಂಜ ಮನೆ ಮನೆಗೆ ಬರ್ತಾನೆ, ಕುಣಿದು, ಮಾರಿ ಕಳೆದು, ಅಕ್ಕಿ ತೆಂಗಿನಕಾಯಿ ತಗೊಂಡು ಹೋಗ್ತಾನೆ. ಅಷ್ಟಮಿಗೆ, ನವರಾತ್ರಿಗೆ ಹುಲಿವೇಷ ಬರ್ತದೆ. ಅವರಿಗೆ ಯಾರೂ ಬಾಗಿಲು ಹಾಕಲಿಲ್ಲ. ಯಾಕೆಂದರೆ ಬಂದವನು ಯಾರು ಅಂತ ಊರಿಗೆ ಗೊತ್ತು, ಮುಂದಿನ ವರ್ಷವೂ ಅವನೇ ಬರ್ತಾನೆ ಅಂತ ಮನೆಯವರಿಗೆ ಗೊತ್ತು.

ಇವತ್ತು ಆ ಗುರುತು ಕಡಿಮೆಯಾಗಿದೆ, ಬರುವವರು ಕಡಿಮೆಯಾಗಿಲ್ಲ. ಆಶಾ ಕಾರ್ಯಕರ್ತೆ ಬರಬೇಕು. ಪೋಸ್ಟಿನವರು, ಮೀಟರ್ ರೀಡಿಂಗಿನವರು ಬರಬೇಕು. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನೆನಪಿದೆಯಲ್ಲ? ಮೊದಲು ಗೋಡೆಗೆ ಸ್ಟಿಕ್ಕರ್ ಅಂಟಿಸಲು ಬಂದರು, ಆಮೇಲೆ ಮೇಷ್ಟ್ರುಗಳು ಪ್ರಶ್ನೆ ಕೇಳಲು ಬಂದರು. ಒಂಟಿ ಮನೆಯ ಹಿರಿಯರಿಗೆ ಎಷ್ಟೋ ದಿನ ಇಂಥವರೇ ಮಾತಿಗೆ ಸಿಗುವ ಮನುಷ್ಯರು. ಎಲ್ಲರಿಗೂ ಬಾಗಿಲು ಹಾಕಿ ಅಂದರೆ ಅವರನ್ನು ಇನ್ನಷ್ಟು ಒಂಟಿ ಮಾಡಿದ ಹಾಗೆ.

ಆದರೆ ಇದೇ ಸಾಲಿನಲ್ಲಿ ಬರಬಾರದವನೂ ಬರ್ತಾನೆ. ರಾಜ್ಯದಲ್ಲೆಲ್ಲ ಪೊಲೀಸರು ಎಚ್ಚರಿಸುತ್ತಲೇ ಇರುವ ಒಂದು ಹಳೇ ವಂಚನೆ ನೋಡಿ, ಚಿನ್ನದ ಪಾಲಿಶ್. ಬಂದವರು ಮೊದಲು ಹಿತ್ತಾಳೆ ದೀಪ ಉಜ್ಜಿ ತೋರಿಸ್ತಾರೆ. ಪಳಪಳ. ಆಮೇಲೆ ಬೆಳ್ಳಿ ಕಾಲ್ಗೆಜ್ಜೆ. ಅದೂ ಪಳಪಳ. ಎಲ್ಲ ಫ್ರೀ! ನಂಬಿಕೆ ಬಂದ ಮೇಲೆ ಬಳೆ, ಕರಿಮಣಿ ಸರ ಕೇಳ್ತಾರೆ. ಸರ ವಾಪಸ್ ಬರ್ತದೆ, ಹೊಳಪೂ ಇರ್ತದೆ. ತೂಕ ಮಾತ್ರ ಇರುವುದಿಲ್ಲ.

ತೂಕ ಎಲ್ಲಿ ಹೋಯ್ತು? ಇಂಜಿನಿಯರಿಂಗ್ ಓದಿದವನಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ. ನೈಟ್ರಿಕ್ ಆಸಿಡ್ ಒಂದೇ ಆದರೆ ಚಿನ್ನವನ್ನು ಕರಗಿಸಲ್ಲ. ಹೈಡ್ರೋಕ್ಲೋರಿಕ್ ಆಸಿಡ್ ಒಂದೇ ಆದರೂ ಕರಗಿಸಲ್ಲ. ಒಂದಕ್ಕೆ ಮೂರು ಪಾಲು ಸೇರಿಸಿದರೆ ಅಕ್ವಾ ರೀಜಿಯಾ ಆಗ್ತದೆ, ಅದರಲ್ಲಿ ಚಿನ್ನ ಕರಗ್ತದೆ. 1940ರಲ್ಲಿ ನಾಜಿ ಸೈನ್ಯ ಡೆನ್ಮಾರ್ಕಿಗೆ ನುಗ್ಗಿದಾಗ, ಕೋಪನ್‌ಹೇಗನ್‌ನಲ್ಲಿದ್ದ ವಿಜ್ಞಾನಿ ಹೆವೆಶಿ ಎರಡು ನೊಬೆಲ್ ಪದಕಗಳನ್ನು ಹೀಗೇ ಕರಗಿಸಿ ಬಾಟಲಿಯಲ್ಲಿಟ್ಟರು. ಸೈನಿಕರಿಗೆ ಅದು ಚಿನ್ನ ಅಂತ ಗೊತ್ತೇ ಆಗಲಿಲ್ಲ. ಯುದ್ಧ ಮುಗಿದ ಮೇಲೆ ಅದೇ ದ್ರಾವಣದಿಂದ ಚಿನ್ನ ತೆಗೆದು ಪದಕಗಳನ್ನು ಮತ್ತೆ ಎರಕ ಹೊಯ್ದರು. ಅಂದರೆ ಚಿನ್ನ ಮಾಯವಾಗುವುದಿಲ್ಲ, ನೀರಿನೊಳಗೆ ಇರ್ತದೆ. ಪಾಲಿಶಿನವನು ಬಾಟಲಿಯನ್ನು ಜೋಪಾನವಾಗಿ ವಾಪಸ್ ಚೀಲಕ್ಕೆ ಹಾಕಿಕೊಳ್ಳೋದು ಸುಮ್ಮನೆ ಅಲ್ಲ ಸ್ವಾಮಿ!

ಹಾಗಾದರೆ ಮೇಷ್ಟ್ರು ಯಾರು, ಪಾಲಿಶಿನವನು ಯಾರು ಅಂತ ಹೊಸ್ತಿಲಲ್ಲಿ ನಿಂತ ಅಮ್ಮನಿಗೆ ತಿಳಿಯೋದು ಹೇಗೆ? ಐಡಿ ಕಾರ್ಡು ನೋಡಿ ಅಂತೀರಿ. ಕಾರ್ಡು ಯಾವ ಜೆರಾಕ್ಸ್ ಅಂಗಡಿಯಲ್ಲೂ ಆಗ್ತದೆ. ಕನ್ನಡಕ ಒಳಗಿರ್ತದೆ. ಮುಖ ನೋಡಿ ತಿಳೀತದಾ? ಮೋಸಗಾರನ ಮುಖ ನಮ್ಮ ನಿಮ್ಮ ಮುಖಕ್ಕಿಂತ ಸಾಧುವಾಗಿರ್ತದೆ.

ಇದಕ್ಕೆ ಉತ್ತರ ನಮ್ಮ ಕರ್ನಾಟಕದ ಬಾಗಿಲುಗಳ ಮೇಲೇ ಬರೆದಿತ್ತು. 1990ರ ದಶಕದ ‘ನಾಳೆ ಬಾ’ ಗಾಳಿಸುದ್ದಿ ನೆನಪು ಮಾಡಿಕೊಳ್ಳಿ. ರಾತ್ರಿ ಒಂದು ಹೆಣ್ಣುದೆವ್ವ ಬರ್ತದೆ, ಮನೆಯವರದ್ದೇ ದನಿಯಲ್ಲಿ ಕರೀತದೆ, ಬಾಗಿಲು ತೆಗೆದವರು ಸಾಯ್ತಾರೆ ಅಂತ ಹಬ್ಬಿತ್ತು. ಊರೂರಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದರು. ದೆವ್ವ ಓದಿ ವಾಪಸ್ ಹೋಗ್ತದೆ, ನಾಳೆ ಬಂದು ಮತ್ತೆ ಅದನ್ನೇ ಓದ್ತದೆ. ಅದೇ ಕತೆಯ ಎಳೆ ಹಿಡಿದು 2018ರಲ್ಲಿ ‘ಸ್ತ್ರೀ’ ಅಂತ ಹಿಂದಿ ಸಿನಿಮಾ ಬಂತು. ದೆವ್ವವನ್ನು ನಾನು ನಂಬಲ್ಲ. ಆದರೆ ಆ ಎರಡು ಪದಗಳನ್ನು ನಂಬ್ತೇನೆ.

ಯಾಕೆ? ಮೇಷ್ಟ್ರಿಗೆ “ನಾಳೆ ಬನ್ನಿ, ನನ್ನ ಮಗ ಫೋನಲ್ಲಿ ಸಿಗ್ತಾನೆ, ಆಗ ಮಾತಾಡುವ” ಅಂದರೆ ಅವರು ಬೇಸರ ಮಾಡಿಕೊಂಡಾರು, ಆದರೆ ನಾಳೆ ಬರ್ತಾರೆ. ಆಶಾ ಕಾರ್ಯಕರ್ತೆ ಬರ್ತಾರೆ. ಗ್ಯಾಸ್ ಏಜೆನ್ಸಿಯವನು ನಿಜವಾದವನಾದರೆ ಬರ್ತಾನೆ. ಮೋಸಗಾರನಿಗೆ ನಾಳೆ ಅನ್ನೋದು ಇಲ್ಲ. ಅವನ ಆಫರ್ ಇವತ್ತಿಗೆ ಮಾತ್ರ, ಅವನ ಬಸ್ಸು ಈಗಲೇ ಹೊರಡ್ತದೆ, ಅವನ ಸಾಹೇಬರು ರಸ್ತೆಯಲ್ಲಿ ಕಾಯ್ತಿದ್ದಾರೆ. ಅವಸರ ಮಾಡಿಸುವವನೇ ಅನುಮಾನಕ್ಕೆ ಅರ್ಹ. ಈ ಪರೀಕ್ಷೆಗೆ ಕನ್ನಡಕವೂ ಬೇಡ, ಓದು ಬರಹವೂ ಬೇಡ.

ಕಾನೂನೂ ಸ್ವಲ್ಪ ಮಟ್ಟಿಗೆ ಇದನ್ನೇ ಹೇಳ್ತದೆ. 2021ರ ಡಿಸೆಂಬರಿನಲ್ಲಿ ಬಂದ ನೇರ ಮಾರಾಟದ ನಿಯಮಗಳ ಪ್ರಕಾರ, ಅಂಥ ಕಂಪನಿಗಳ ಮಾರಾಟಗಾರ ಗುರುತಿನ ಚೀಟಿ ಇಲ್ಲದೆ, ಮೊದಲೇ ಸಮಯ ಅಥವಾ ಒಪ್ಪಿಗೆ ಪಡೆಯದೆ ಗ್ರಾಹಕರ ಮನೆಗೆ ಬರುವಂತಿಲ್ಲ. ಹಾಗಾಗಿ “ನಾಳೆ ಬನ್ನಿ” ಅನ್ನೋದು ಮರ್ಯಾದೆಗೆಟ್ಟ ಮಾತಲ್ಲ, ನಿಮ್ಮ ಹಕ್ಕು.

ನೀರು ಕೇಳಿದವರಿಗೆ ನೀರು ಕೊಡಿ. ಗ್ರಿಲ್ಲಿಗೆ ಬೀಗ ಹಾಕಿರಲಿ, ಚೆಂಬು ಗ್ರಿಲ್ಲಿನ ಸಂದಿಯಿಂದ ಹೋಗಲಿ. ಮೈಮೇಲಿನ ಚಿನ್ನ ಬಿಚ್ಚಿ ಅಪರಿಚಿತರ ಕೈಗೆ ಕೊಡೋದು ಮಾತ್ರ ಯಾವ ಕಾರಣಕ್ಕೂ ಬೇಡ. ಬಂದವನು ಹೋಗದೆ ಹಟ ಹಿಡಿದರೆ 112ಕ್ಕೆ ಫೋನ್ ಮಾಡಿ. ಹಿರಿಯರಿಗೆಂದೇ 14567 ಸಹಾಯವಾಣಿ ಉಂಟು. ಈ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಒಳಬದಿಗೆ ಅಂಟಿಸಿ. ಪಕ್ಕದ ಮನೆಯವರ ನಂಬರು ಎಲ್ಲಕ್ಕಿಂತ ಮೇಲಿರಲಿ, ಗದ್ದೆ ದಾಟಿ ಮೊದಲು ಓಡಿ ಬರುವವರು ಅವರೇ.

ಕೊನೆಗೆ ಮುಂಬೈ, ದುಬೈ, ಬೆಂಗಳೂರಿನಲ್ಲಿರುವ ಮಕ್ಕಳಿಗೆ ಒಂದು ಮಾತು. ಮೋಸ ಹೋದ ಹಿರಿಯರು ಎಷ್ಟೋ ಸಲ ಅದನ್ನು ಹೇಳಿಕೊಳ್ಳುವುದೇ ಇಲ್ಲ. “ಅಷ್ಟೂ ಗೊತ್ತಾಗಲಿಲ್ವಾ ನಿಮಗೆ?” ಅಂತ ನೀವು ಬೈತೀರಿ ಅನ್ನೋ ಭಯ. ಆ ಭಯ ಇರುವಷ್ಟು ದಿನ ಮೋಸಗಾರನಿಗೆ ಹಬ್ಬ. ರಾತ್ರಿ ಫೋನ್ ಮಾಡಿದಾಗ “ಊಟ ಆಯ್ತಾ, ಮಾತ್ರೆ ತಗೊಂಡ್ರಾ” ಅಂತ ಕೇಳ್ತೀರಲ್ಲ, ಜೊತೆಗೆ “ಇವತ್ತು ಮನೆಗೆ ಯಾರೆಲ್ಲ ಬಂದಿದ್ರು” ಅಂತಲೂ ಕೇಳಿ. ಅವರು ಹೇಳಿ ಮುಗಿಸುವ ತನಕ ಫೋನ್ ಇಡಬೇಡಿ.