ಮಾರಾಟಕ್ಕಿರುವ ಕಟ್ಟಡ, ಅದರೊಳಗಿರುವ ನಾವು

(ಕುಮಾರಪಟ್ಟಣದಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೆಳಗೆ ನಾಲ್ಕು ಮಳಿಗೆ, ಮೇಲೆ ನಾಲ್ಕು ಬಾಡಿಗೆ ಮನೆ. ಇಂಥದೊಂದು ಕಟ್ಟಡ ನಮ್ಮೂರಲ್ಲಿ ಮಾರಾಟಕ್ಕೆ ಬಂದಿದೆ. ಊರು ಬೆಳೆಯುತ್ತಿದೆ, ಹಣ ಹಾಕಿದವನಿಗೆ ನಷ್ಟವಿಲ್ಲ ಎಂದು ದಲ್ಲಾಳಿಗಳು ಹೇಳುತ್ತಿದ್ದಾರೆ. ಕಟ್ಟಡದ ಉದ್ದಗಲ, ಬೋರಿನ ನೀರು, ರಸ್ತೆಯ ಅಗಲ ಎಲ್ಲವನ್ನೂ ವರ್ಣಿಸುತ್ತಾರೆ. ಒಳಗಿರುವ ಎಂಟು ಸಂಸಾರಗಳ ಮಾತು ಮಾತ್ರ ಬರುವುದಿಲ್ಲ. ಆ ಮಾತನ್ನಾಡಲೆಂದೇ ನಾವು ಇಂದು ಸೇರಿದ್ದೇವೆ.

ಈ ಜಾಗಕ್ಕೆ ಬೆಲೆ ಬಂದುದು ಹೇಗೆ? 1970ರ ದಶಕದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಬಿರ್ಲಾ ಸಂಸ್ಥೆಯ ಹರಿಹರ ಪಾಲಿಫೈಬರ್ಸ್, ಗ್ರಾಸಿಲಿನ್ ಗಿರಣಿಗಳು ಎದ್ದವು. ಪಾಳಿ ಮುಗಿಸಿ ಬಂದವರು ಪಗಾರವನ್ನು ಇಲ್ಲಿಯ ಅಂಗಡಿಗಳಲ್ಲಿ ಚೆಲ್ಲಿದರು. ಅಂಗಡಿಕಾರರು ಪಗಾರದ ದಿನದವರೆಗೆ ಉದ್ರಿ ಕೊಟ್ಟು ಸಂಸಾರಗಳನ್ನು ಕಾದರು. ಮಾಲೀಕರು ಇಟ್ಟಿಗೆ ಸಿಮೆಂಟಿಗೆ ಹಾಕಿದ ಹಣದ ಪ್ರತಿಫಲ ಅವರಿಗೆ ಸಲ್ಲಲಿ. ಆದರೆ ಅಡಿಯ ನೆಲದ ಬೆಲೆ ಏರಿಸಿದವರು ನಾವು. ನಾವು ಏರಿಸಿದ ಬೆಲೆಯೇ ಈಗ ಬಾಡಿಗೆಯಾಗಿ ನಮ್ಮ ತಲೆಯ ಮೇಲೆ ಬೀಳಲಿದೆ.

ಲೆಕ್ಕ ಹಾಕಿ ನೋಡೋಣ. ಮಳಿಗೆಗೆ ತಿಂಗಳಿಗೆ 5,000, ಮನೆಗೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 32,000, ವರ್ಷಕ್ಕೆ 3,84,000. ಕಟ್ಟಡದ ಬೆಲೆ 64 ಲಕ್ಷವಾದರೆ ಕೊಂಡವನಿಗೆ ನೂರಕ್ಕೆ ಆರು ಸಿಕ್ಕಿತು. ಅವನು ನೂರಕ್ಕೆ ಹತ್ತರ ಬಡ್ಡಿಯ ಸಾಲ ತಂದಿದ್ದರೆ ಬಡ್ಡಿಯೇ 6,40,000. ಉಳಿದ 2,56,000 ಯಾರು ಕೊಡಬೇಕು? ನಮ್ಮಿಂದಲೇ ವಸೂಲಾದರೆ 5,000ದ ಮಳಿಗೆ 8,300 ದಾಟುತ್ತದೆ. ಕಿರಾಣಿ ಅಂಗಡಿಯವನು ಅದನ್ನು ಬೇಳೆ ಬೆಲ್ಲದ ಮೇಲೆ ಹಾಕುತ್ತಾನೆ. ಆಗ ಕಾರ್ಮಿಕ ತನ್ನ ಮನೆಯ ಬಾಡಿಗೆಯ ಜೊತೆಗೆ ಅಂಗಡಿಯ ಬಾಡಿಗೆಯನ್ನೂ ಕಟ್ಟಿದಂತಾಯಿತು.

ಕೊಳ್ಳುವವರಿಗೂ ಒಂದು ಮಾತು. ಹೊಳೆಯಾಚೆ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ಗಿರಣಿಯ ಪಗಾರ ನಿಂತರೆ ಪೇಟೆಯ ಬಾಡಿಗೆ ಎಲ್ಲಿಂದ ಬಂದೀತು?

ಕಾಯಿದೆ ನಮಗೆ ಏನು ಕೊಟ್ಟಿದೆ? 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು, ಲೋಹಿಯಾ ಬಂಧನಕ್ಕೊಳಗಾದರು. 1974ರ ಭೂಸುಧಾರಣೆ ಉಳುವವನಿಗೆ ಹೊಲ ಕೊಟ್ಟಿತು. ಮಳಿಗೆಯಲ್ಲಿ ಕೂತವನಿಗೆ ಅಂಥ ಕಾಯಿದೆ ಬರಲಿಲ್ಲ. 1999ರ ಬಾಡಿಗೆ ಕಾಯಿದೆಯ ರಕ್ಷಣೆ 14 ಚದರ ಮೀಟರಿಗಿಂತ ದೊಡ್ಡ ಮಳಿಗೆಗೆ ಇಲ್ಲ. ಕರಾರಿಲ್ಲದೆ ತಿಂಗಳ ಬಾಡಿಗೆಗಿರುವವರನ್ನು, 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ, 15 ದಿನಗಳ ನೋಟೀಸಿನಿಂದ ಬಿಡಿಸಬಹುದು. ಆದರೆ ಅದೇ ಕಾಯಿದೆಯಂತೆ ಕೊಂಡವನು ಹಳೆಯ ಮಾಲೀಕನ ಜಾಗಕ್ಕೆ ಬರುತ್ತಾನೆ. ನಡೆಯುತ್ತಿರುವ ಕರಾರು ಮಾರಾಟದಿಂದ ಮುರಿಯುವುದಿಲ್ಲ. ಮಾರಾಟದ ಸುದ್ದಿ ತಿಳಿಯದೆ ಹಳೆಯ ಮಾಲೀಕನಿಗೆ ಕೊಟ್ಟ ಬಾಡಿಗೆಯನ್ನು ಮತ್ತೆ ಕೊಡಬೇಕಿಲ್ಲ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಬಾಡಿಗೆಗೆ ಪಾವತಿ ಪಡೆಯಿರಿ. ಕೊಟ್ಟ ಡಿಪಾಜಿಟ್ಟು ಎಷ್ಟೆಂಬುದನ್ನು ಮಾರಾಟಕ್ಕೆ ಮುಂಚೆಯೇ ಬರಹದಲ್ಲಿ ಒಪ್ಪಿಸಿಕೊಳ್ಳಿರಿ. ಒಂದು ವರ್ಷಕ್ಕೆ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಅದರ ಖರ್ಚಿಗೆ ಹೆದರಬೇಡಿರಿ. ಒಬ್ಬೊಬ್ಬರೇ ಹೋಗಿ ಚೌಕಾಶಿ ಮಾಡಬೇಡಿರಿ. ಎಂಟೂ ಮನೆಯವರು ಕೂಡಿ ಹೋಗಿರಿ.

ಇನ್ನೊಂದು ದಾರಿಯೂ ಇದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. 10,000 ರೂಪಾಯಿಯ ಪಾಲು ಹಾಕುವ 320 ಜನ ಸೇರಿದರೆ 32 ಲಕ್ಷ. ಉಳಿದರ್ಧ ಸಾಲವಾದರೆ ಬಡ್ಡಿ 3,20,000. ಈಗಿನ ಬಾಡಿಗೆಯಲ್ಲಿ ಬಡ್ಡಿ ಹೋಗಿ 64,000 ಉಳಿಯುತ್ತದೆ. ಕಂದಾಯ, ದುರಸ್ತಿ ಕಳೆದರೆ ಅಸಲಿಗೆ ಸಾಲದು. ಪಾಲು ವರ್ಷವರ್ಷವೂ ಬೆಳೆಯಬೇಕು. ಸುಲಭವೆಂದು ನಾವು ಹೇಳುವುದಿಲ್ಲ. ಋಣಭಾರ ಪತ್ರ, ಬಿನಶೇತ್ಕಿ ಆದೇಶ ನೋಡದೆ ಒಂದು ಪೈಸೆ ಮುಂಗಡವನ್ನೂ ಕೊಡಬಾರದು.

ಕಟ್ಟಡ ಯಾರ ಕೈಗಾದರೂ ಹೋಗಲಿ, ಅದರೊಳಗಿರುವವರನ್ನು ಕೇಳದೆ ಹೋಗಬಾರದು. ಮುಂದಿನ ಪಗಾರದ ದಿನ, ಬಾಡಿಗೆ ಕೊಡುವ ಮುಂಚೆ, ಎಂಟೂ ಸಂಸಾರಗಳು ಒಂದೆಡೆ ಕೂಡಲಿ. ನಾವೂ ಬರುತ್ತೇವೆ.