ಮನೆ ಕಾಯೋ ನಾಯಿ ವೈರು ಕಡಿದಾಗ

(ಆಸ್ಟಿನ್‌ನಲ್ಲಿ ನಡೆದ ಯುಗಾದಿ ಕಾರ್ಯಕ್ರಮದಲ್ಲಿ ನಾನು ಆಡಿದ ಮಾತುಗಳ ಬರಹರೂಪ. ಹೆಚ್ಚುಕಡಿಮೆ ಆಡಿದ ಹಾಗೇ ಇಟ್ಟಿದ್ದೇನೆ.)



ನಾನು ವೇದಿಕೆ ಹತ್ತದೆ ಕೆಳಗೇ ಕುರ್ಚಿ ಹಾಕಿಕೊಂಡು ಮಾತಾಡ್ತಾ ಇರೋದು ವಿನಯದಿಂದ ಅಲ್ಲ. ಆ ವೇದಿಕೆಗೆ ಐದು ಮೆಟ್ಟಿಲಿದೆ, ಹಿಡಿದುಕೊಳ್ಳೋಕೆ ಕಂಬಿ ಇಲ್ಲ. ಈ ವಿಷಯಕ್ಕೆ ಆಮೇಲೆ ಬರ್ತೀನಿ.

ಬೇವು-ಬೆಲ್ಲದ ಬಗ್ಗೆ ಹೇಳಿ ಅಂತ ಸಮಿತಿಯವರು ಕೇಳಿದ್ರು. ಕಾಯಿಲೆ ಇರೋನನ್ನ ಯುಗಾದಿಗೆ ಕರೆದರೆ ಇನ್ನೇನು ಕೇಳ್ತಾರೆ! ನಾನು ಚಪ್ಪಲಿಯಿಂದ ಶುರು ಮಾಡ್ತೀನಿ.

2017ರ ಬೇಸಿಗೆ. ಅಪಾರ್ಟ್‌ಮೆಂಟಿನಿಂದ ಟಪಾಲು ಡಬ್ಬಿ ತನಕ ನಡೆದು ಹೋಗಿದ್ದೆ. ನೋಡಿದರೆ ಬಲಗಾಲಲ್ಲಿ ಚಪ್ಪಲಿ ಇಲ್ಲ. ಹತ್ತು ಹೆಜ್ಜೆ ಹಿಂದೆ ಬಿದ್ದಿದೆ. ಕಳಚಿದ್ದೇ ಗೊತ್ತಾಗಿಲ್ಲ. ಕುರ್ಚಿಯಲ್ಲಿ ಕೂತು ಕೂತು ಬೆನ್ನು ಹಿಡಿದಿರಬೇಕು ಅಂದುಕೊಂಡೆ. ನಮ್ಮ ಕಸುಬಿನವರು ಎಲ್ಲದಕ್ಕೂ ಕುರ್ಚಿಯನ್ನೇ ಬೈತೀವಲ್ಲ. ಆಮೇಲೆ ಇದೇ ಕೂಟದ ಪಿಕ್ನಿಕ್ಕಿನಲ್ಲಿ ಯಾರೋ ನನ್ನ ನಡಿಗೆ ನೋಡಿ "ಏನ್ ಗುರೂ, ಬೆಳಿಗ್ಗೆನೇ ಶುರುನಾ?" ಅಂತ ರೇಗಿಸಿದ್ರು. ನಾನೂ ನಕ್ಕುಬಿಟ್ಟೆ. ಕಾಯಿಲೆ ಇದೆ ಅನ್ನೋದಕ್ಕಿಂತ ಕುಡಿದಿದ್ದೀನಿ ಅನ್ನಿಸಿಕೊಳ್ಳೋದೇ ಸುಲಭ ಅನ್ನಿಸಿತ್ತು.

2018ರ ದೀಪಾವಳಿಗೆ ದಾವಣಗೆರೆಗೆ ಹೋಗಿದ್ದೆ. ಅಮ್ಮ ತಲೆಗೆ ಎಣ್ಣೆ ತಟ್ಟಿ, ಹಂಡೆಯಲ್ಲಿ ನೀರು ಕಾಯಿಸಿ, ಅಮೆರಿಕದ ಶವರ್ ಋಣವನ್ನೆಲ್ಲ ಒಂದೇ ದಿನ ತೀರಿಸೋ ಹಾಗೆ ಬಿಸಿಬಿಸಿ ನೀರು ಹುಯ್ದರು. ಐದೇ ನಿಮಿಷ. ಕಾಲು ಎರಡೂ ಒದ್ದೆ ಬಟ್ಟೆ ಥರ ಆಗಿ ಬಚ್ಚಲಲ್ಲೇ ಕೂತುಬಿಟ್ಟೆ. ಎಡಗಣ್ಣು ಮಂಜು. ಎತ್ತಿಕೊಂಡು ಬಂದು ಫ್ಯಾನಿನ ಕೆಳಗೆ ಮಲಗಿಸಿದರು. ಅರ್ಧ ಗಂಟೆಯಲ್ಲಿ ಎಲ್ಲ ಮೊದಲಿನ ಹಾಗೇ. ಅಮ್ಮ ದೃಷ್ಟಿ ತೆಗೆದರು. ದೃಷ್ಟಿಯಿಂದಲೇ ಹೋಯಿತು ಅಂತ ಇವತ್ತಿಗೂ ನಂಬಿದ್ದಾರೆ.

ಊಥೋಫ್ ಅನ್ನೋ ಜರ್ಮನ್ ಕಣ್ಣಿನ ಡಾಕ್ಟರು 1890ರಲ್ಲೇ ಈ ಥರದ್ದನ್ನ ಬರೆದಿಟ್ಟಿದ್ದಾರೆ. ಮೈ ಬಿಸಿಯಾದರೆ, ಪೆಟ್ಟಾದ ನರಗಳಲ್ಲಿ ಸಂದೇಶ ಸರಿಯಾಗಿ ಹರಿಯಲ್ಲ. ಎಂಆರ್‌ಐ ಇಲ್ಲದ ಕಾಲದಲ್ಲಿ ರೋಗಿಯನ್ನ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಈ ಕಾಯಿಲೆ ಪರೀಕ್ಷೆ ಮಾಡ್ತಾ ಇದ್ದರಂತೆ. ನಮ್ಮಮ್ಮ ಗೊತ್ತಿಲ್ಲದೇ ಹಂಡೆ ನೀರಲ್ಲಿ ಆ ಪರೀಕ್ಷೆ ಮಾಡಿ ಮುಗಿಸಿದ್ದರು.

2019ರಲ್ಲಿ ತಲೆ, ಬೆನ್ನುಹುರಿ ಎರಡರ ಎಂಆರ್‌ಐ ಆಯ್ತು, ಬೆನ್ನುಹುರಿಯ ನೀರು ತೆಗೆದೂ ನೋಡಿದರು. ಹೆಸರು ಬಂತು: ಪ್ರೈಮರಿ ಪ್ರೋಗ್ರೆಸಿವ್ ಮಲ್ಟಿಪಲ್ ಸ್ಕ್ಲೆರೋಸಿಸ್. ಎಂಎಸ್ ಬಂದ ಹೆಚ್ಚಿನವರಲ್ಲಿ ಅದು ಬಂದು ಬಂದು ಹೋಗುತ್ತೆ, ನಡುವೆ ಬಿಡುವು ಕೊಡುತ್ತೆ. ನೂರರಲ್ಲಿ ಹತ್ತು ಹದಿನೈದು ಜನರಿಗೆ ಮೊದಲಿಂದಲೇ ನಿಧಾನವಾಗಿ ಏರ್ತಾ ಹೋಗುತ್ತೆ. ನನ್ನದು ಆ ಜಾತಿ. ಪ್ರೋಗ್ರೆಸ್ ಅನ್ನೋ ಪದಕ್ಕೆ ನಾವು ಇಂಜಿನಿಯರುಗಳು ಎಷ್ಟು ಸ್ಟೇಟಸ್ ರಿಪೋರ್ಟ್ ಬರೆದಿಲ್ಲ ಹೇಳಿ! ಕೊನೆಗೆ ಅದು ಇಲ್ಲಿ ಬಂದು ಕೂತಿದೆ.

ಎರಡು ವರ್ಷ ಹೆಂಡತಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಕಾರಣ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎಚ್-1ಬಿ ಕೆಲಸಕ್ಕೆ ಅಂಟಿಕೊಂಡಿದೆ. ಇನ್ಷೂರೆನ್ಸೂ ಕೆಲಸಕ್ಕೇ ಅಂಟಿಕೊಂಡಿದೆ. ಕೆಲಸ ಹೋದರೆ ಇನ್ನೊಂದು ಹುಡುಕೋಕೆ 60 ದಿನ, ಅಷ್ಟೇ. ಮ್ಯಾನೇಜರಿಗೆ ಬೆನ್ನು ನೋವು ಅಂದೆ, ಅಮ್ಮನಿಗೂ ಬೆನ್ನು ನೋವು ಅಂದೆ. ಕೂಟದ ಕಾರ್ಯಕ್ರಮಕ್ಕೆ ಬಂದರೂ ಊಟಕ್ಕೆ ಮುಂಚೆ ಎದ್ದು ಹೋಗ್ತಿದ್ದೆ. ಏನಿವನಿಗೆ ಜಂಬ ಅಂತ ಕೆಲವರು ಅಂದುಕೊಂಡಿದ್ದರು ಅಂತ ಆಮೇಲೆ ಗೊತ್ತಾಯ್ತು. ಜಂಬ ಅಲ್ಲ ಸ್ವಾಮಿ, ಕ್ಯೂನಲ್ಲಿ ಇಪ್ಪತ್ತು ನಿಮಿಷ ನಿಲ್ಲೋಕೆ ಆಗ್ತಿರಲಿಲ್ಲ.

2021ರಲ್ಲಿ ವಿಡಿಯೋ ಕಾಲಿನಲ್ಲಿ ಅಮ್ಮನ ಕಣ್ಣಿಗೆ ಊರುಗೋಲು ಬಿತ್ತು. ಇನ್ನು ಹೇಳಲೇಬೇಕು. ಆಗ ಗೊತ್ತಾಯ್ತು, ನನ್ನ ಕಾಯಿಲೆ ನನಗೆ ಕನ್ನಡದಲ್ಲಿ ಗೊತ್ತೇ ಇಲ್ಲ! ಆಸ್ಪತ್ರೆಯ ಕಾಗದವೆಲ್ಲ ಇಂಗ್ಲಿಷು. ಡಿಮೈಲಿನೇಷನ್ ಅನ್ನೋದನ್ನ ಅಮ್ಮನಿಗೆ ಹೇಗೆ ಹೇಳೋದು? ಸುಮಾರು ಹೊತ್ತು ತಡಕಾಡಿ ಅಂದೆ, "ಅಮ್ಮ, ಕರೆಂಟ್ ವೈರಿನ ಮೇಲೆ ಪ್ಲಾಸ್ಟಿಕ್ ಸಿಪ್ಪೆ ಇರುತ್ತಲ್ಲ, ನರದ ಮೇಲೂ ಹಂಗೇ ಒಂದು ಸಿಪ್ಪೆ ಇರುತ್ತೆ. ನಂದು ಕಿತ್ತು ಹೋಗ್ತಾ ಇದೆ."

"ಇಲಿ ಕಡಿದಂಗೇನೋ?"

"ಇಲಿ ಅಲ್ಲಮ್ಮ. ಮನೆ ಕಾಯೋಕೆ ಸಾಕಿದ ನಾಯಿನೇ ವೈರು ಕಡೀತಾ ಇದೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಹಂಗಾದ್ರೆ ಆ ನಾಯಿನ ಕಟ್ಟಿ ಹಾಕೋಕಾಗಲ್ವೇನೋ?"

ನರರೋಗ ತಜ್ಞರು ನನಗೆ ಅರ್ಧ ಗಂಟೆ ಹೇಳಿದ್ದನ್ನ ಅಮ್ಮ ಒಂದು ಪ್ರಶ್ನೆಯಲ್ಲಿ ಹಿಡಿದಿದ್ದರು. ನಾನು ತಗೊಳ್ಳೋ ಆಕ್ರೆಲಿಜುಮ್ಯಾಬ್ ಅದನ್ನೇ ಮಾಡೋದು. ಆರು ತಿಂಗಳಿಗೊಮ್ಮೆ ಡ್ರಿಪ್. ರೋಗನಿರೋಧಕ ಪಡೆಯಲ್ಲಿ ಬಿ-ಸೆಲ್ ಅನ್ನೋ ಒಂದು ದಳವನ್ನ ಇಳಿಸಿಬಿಡುತ್ತೆ. ನಾಯಿ ಕಟ್ಟಿದ ಮೇಲೆ ಕಳ್ಳ ಬರೋ ಭಯ ಇದ್ದದ್ದೇ, ಅದಕ್ಕೇ ಜನ ಸೇರೋ ಕಡೆ ಮಾಸ್ಕ್. ಅಮೆರಿಕದಲ್ಲಿ ನನ್ನ ಥರದ ಎಂಎಸ್‌ಗೆ ಅಂತ ಒಪ್ಪಿಗೆ ಸಿಕ್ಕ ಮೊದಲ ಔಷಧಿ ಇದು, ಅದೂ 2017ರಲ್ಲಿ. 732 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಕಾಯಿಲೆ ಮುಂದಕ್ಕೆ ಹೋಗೋ ಸಾಧ್ಯತೆ 24% ಕಡಿಮೆ ಆಯ್ತು. ಗುಣ ಆಗಲ್ಲ, ಕಿತ್ತ ಸಿಪ್ಪೆ ವಾಪಸ್ ಬರಲ್ಲ. ಹೋಗೋ ವೇಗ ಸ್ವಲ್ಪ ತಗ್ಗುತ್ತೆ. ಈ ಇಪ್ಪತ್ತನಾಲ್ಕರ ಮೇಲೆ ನಾನು ಮಗಳ ಹೈಸ್ಕೂಲ್ ತನಕ ಲೆಕ್ಕ ಹಾಕಿಟ್ಟಿದ್ದೀನಿ. ಅಂಕಿಅಂಶ ಹಾಗೆ ಕೆಲಸ ಮಾಡಲ್ಲ ಅಂತ ಗೊತ್ತು, ಆದರೂ ಹಾಕಿದ್ದೀನಿ.

ಇನ್ನು "ಪಾಸಿಟಿವ್ ಆಗಿರಿ" ಅನ್ನೋ ಸಲಹೆ. ಸುಸ್ತು ಬಂದಾಗ ಇದನ್ನ ಕೇಳಿದರೆ ನನಗೆ ಕೋಪ ಬರುತ್ತೆ, ಕ್ಷಮಿಸಿ. ಎಂಎಸ್ ಸುಸ್ತು ನಿದ್ದೆಗೆಟ್ಟ ಸುಸ್ತಲ್ಲ. ಹಳೇ ಫೋನ್ ಬ್ಯಾಟರಿ 40% ತೋರಿಸ್ತಾ ಇದ್ದದ್ದು ತಟಕ್ ಅಂತ ಆಫ್ ಆಗುತ್ತಲ್ಲ, ಹಾಗೆ. ಹಾಗಾಗಿ ನಾನು ಮನಸ್ಸನ್ನ ಬಿಟ್ಟು ಗಡಿಯಾರ ನೋಡಿಕೊಂಡೆ. ಬೆಳಿಗ್ಗೆ ಆರರಿಂದ ಹತ್ತು ತಲೆ ಓಡುತ್ತೆ, ಕಷ್ಟದ ಕೋಡೆಲ್ಲ ಆಗಲೇ. ಮಧ್ಯಾಹ್ನ ಮಲಗ್ತೀನಿ. ವಾರಕ್ಕೆ ಮೂರು ದಿನ ಈಜು, ತಣ್ಣನೆ ನೀರಲ್ಲಿ. ನೀರೇ ಮೈ ಬಿಸಿಯನ್ನ ಎಳೆದುಕೊಳ್ಳುತ್ತೆ, ಬೀಳೋ ಭಯವೂ ಇಲ್ಲ. ಹಿಂದೆ ಎಂಎಸ್ ಇರೋರು ವ್ಯಾಯಾಮ ಮಾಡಬಾರದು, ಮಲಗಿರಬೇಕು ಅಂತಿದ್ದರು. ಈಗ ಅಳತೆ ನೋಡಿಕೊಂಡು ಮಾಡಿ ಅಂತಾರೆ. ಟೆಕ್ಸಸ್ ಜುಲೈನಲ್ಲಿ ಹೊರಗೆ ಹೋಗಬೇಕಾದರೆ ಐಸ್ ಪ್ಯಾಕ್ ಇಡೋ ಜಾಕೆಟ್ಟು. ಪಾದ ಎಳೆಯದ ಹಾಗೆ ಬೂಟಿನೊಳಗೆ ಪ್ಲಾಸ್ಟಿಕ್ ಪಟ್ಟಿ.

ಈ ವೇಳಾಪಟ್ಟಿಗೆ ಆಫೀಸು ಒಪ್ಪಬೇಕಿತ್ತು. 1990ರ ಎಡಿಎ ಕಾನೂನು ವೀಸಾದ ಮೇಲಿರೋರಿಗೂ ಅನ್ವಯಿಸುತ್ತೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಹೆದರಿಕೊಂಡೇ ಎಚ್‌ಆರ್‌ಗೆ ಅರ್ಜಿ ಕೊಟ್ಟೆ. ಮೂರು ವಾರ ನಿದ್ದೆ ಇಲ್ಲ. ಒಪ್ಪಿಗೆ ಬಂತು. ಎಲ್ಲರಿಗೂ ಹೀಗೇ ಸುಲಭ ಆಗುತ್ತೆ ಅಂತ ನಾನು ಹೇಳೋದಿಲ್ಲ, ವಕೀಲರನ್ನ ಕೇಳಿಯೇ ಮುಂದೆ ಹೋಗಿ. ಊರಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ, ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಎಂಎಸ್ ಕೂಡ ಇದೆ, ಪ್ರಮಾಣಪತ್ರಕ್ಕೆ ಅರ್ಜಿ ಹಾಕೋಕೆ ಹೇಳಿ.

ಈಗ ನನ್ನ ಎರಡು ಅರ್ಜಿ. ಅಮ್ಮನಿಗೆ ಹೇಳಿದ್ದನ್ನೆಲ್ಲ ನಾಲ್ಕು ಪುಟದ ಕನ್ನಡ ಬರಹ ಮಾಡ್ತಾ ಇದ್ದೀನಿ. ನಮ್ಮಲ್ಲಿ ಡಾಕ್ಟರುಗಳಿದ್ದೀರಿ, ಭಾಷೆ ತಿದ್ದೋರೂ ಇದ್ದೀರಿ, ಒಮ್ಮೆ ಓದಿಕೊಡಿ. ಎರಡನೆಯದು ಆ ಐದು ಮೆಟ್ಟಿಲು. ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡೋ ಮುಂಚೆ ಇಳಿಜಾರು ಇದೆಯಾ ಅಂತ ಒಂದು ಫೋನ್ ಮಾಡಿ. ನನಗೊಬ್ಬನಿಗೇ ಅಲ್ಲ, ಇಲ್ಲಿಗೆ ಬಂದಿರೋ ನಿಮ್ಮ ಅಪ್ಪ ಅಮ್ಮಂದಿರ ಮಂಡಿಯನ್ನೂ ನೋಡಿ.

ಊಟದ ವಾಸನೆ ಬರ್ತಾ ಇದೆ, ನಿಲ್ಲಿಸ್ತೀನಿ. ಇವತ್ತು ಎದ್ದು ಹೋಗಲ್ಲ. ಯಾರಾದರೂ ನನಗೂ ಒಂದು ತಟ್ಟೆ ಬಡಿಸಿಕೊಂಡು ಬನ್ನಿ. ಒಬ್ಬಟ್ಟಿಗೆ ತುಪ್ಪ ಸ್ವಲ್ಪ ಜಾಸ್ತಿನೇ ಇರಲಿ.